ಸಾಲ ಮಾಡದೆ ಅರವತ್ತು ಸಾವಿರ ಮನೆ: ‘ಕೆಂಪು ವಿಯೆನ್ನಾ’ದ ಪಕ್ಷದ ಲೆಕ್ಕ ಒಪ್ಪುವಂಥದ್ದೇ?

ಮೂರನೇ ಮಹಡಿ:
ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆ ನಡೆಯಿತು. ನಾನು ಸಂಘದ ಖಜಾಂಚಿ. ಲಿಫ್ಟಿನ ರೋಪು ಬದಲಿಸಬೇಕು, ತಾರಸಿ ಸೋರದಂತೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಆದ್ದರಿಂದ ಮೇಂಟೆನೆನ್ಸನ್ನು ಚದರಡಿಗೆ ಐವತ್ತು ಪೈಸೆ ಏರಿಸೋಣ ಎಂದದ್ದಕ್ಕೆ ಎರಡೂವರೆ ಗಂಟೆ ಜಗಳವಾಯಿತು. ಮನೆಗೆ ಬಂದು, ಬೇಸರ ಕಳೆಯಲೆಂದು ಓದುತ್ತಿದ್ದ ಪುಸ್ತಕವನ್ನು ತೆರೆದರೆ ಅಲ್ಲಿಯೂ ಅದೇ ವಿಷಯ, ಆದರೆ ನೂರು ವರ್ಷ ಹಿಂದಿನದು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಮೇ ತಿಂಗಳಲ್ಲಿ, ವಿಯೆನ್ನಾ ನಗರಸಭೆಯಲ್ಲಿ ಸೋಷಿಯಲ್ ಡೆಮಾಕ್ರಾಟ್ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂತು. ಅಲ್ಲಿಂದ 1934ರವರೆಗೆ ಆಡಳಿತ ಅವರದೇ. ‘ಕೆಂಪು ವಿಯೆನ್ನಾ’ ಎಂದು ಹೆಸರಾದ ಆ ಹದಿನೈದು ವರ್ಷಗಳಲ್ಲಿ ಅವರು ಅರವತ್ತು ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಟ್ಟಿಸಿದರು. ನನ್ನನ್ನು ನಿಲ್ಲಿಸಿದ ಸಂಗತಿ ಮನೆಗಳ ಸಂಖ್ಯೆಯಲ್ಲ, ಅದರ ಹಿಂದಿನ ಲೆಕ್ಕ. ಮನೆಗಳನ್ನು ಸಾಲದಿಂದಲ್ಲ, ಆಯಾ ವರ್ಷದ ತೆರಿಗೆಯಿಂದಲೇ ಕಟ್ಟಬೇಕು ಎಂಬುದು ಪಕ್ಷದ ನಿಲುವಾಗಿತ್ತು. ಸಾಲವಿಲ್ಲವೆಂದರೆ ಬಡ್ಡಿಯಿಲ್ಲ, ಬಡ್ಡಿಯಿಲ್ಲವೆಂದರೆ ಕಟ್ಟಿದ ಖರ್ಚನ್ನು ಬಾಡಿಗೆಯಲ್ಲಿ ವಸೂಲು ಮಾಡಬೇಕಿಲ್ಲ. ಬಾಡಿಗೆದಾರನು ಕೊಡಬೇಕಾದದ್ದು ಕಟ್ಟಡದ ನಿರ್ವಹಣೆ ಮತ್ತು ದುರಸ್ತಿಯ ಖರ್ಚು ಮಾತ್ರ. ಅದು ಒಬ್ಬ ಕಾರ್ಮಿಕನ ಆದಾಯದಲ್ಲಿ ಶೇ. 4ರಷ್ಟಾಗುತ್ತಿತ್ತಂತೆ.

ಅಂದರೆ ಅವರ ಬಾಡಿಗೆ ಎಂದರೆ ನಮ್ಮ ಮೇಂಟೆನೆನ್ಸೇ! ಇದು ನ್ಯಾಯವಾದ ಲೆಕ್ಕವೇ, ಅಥವಾ ಯಾರದೋ ಜೇಬಿನಿಂದ ತೆಗೆದು ಇನ್ನಾರಿಗೋ ಕೊಟ್ಟದ್ದೇ? ತಿಳಿದವರು ಹೇಳಬೇಕು.

ಗಾರೆ ಕೆಲಸ:
ಯಾರದೋ ಜೇಬಿನಿಂದ ತೆಗೆಯದ ತೆರಿಗೆ ಯಾವ ದೇಶದಲ್ಲಿದೆ, ಸ್ವಾಮಿ?

ಲೆಕ್ಕಪತ್ರ:
ನಾನು ವೃತ್ತಿಯಿಂದ ಆಡಿಟರ್ ಆಗಿರುವುದರಿಂದ ಜೇಬಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಆ ಪಕ್ಷದ ಆಡಳಿತದಲ್ಲಿ ನಗರದ ಹಣಕಾಸು ನೋಡಿಕೊಂಡವರು ಹ್ಯೂಗೊ ಬ್ರೈಟ್ನರ್. ಅವರು ಬ್ಯಾಂಕೊಂದರ ನಿರ್ದೇಶಕರಾಗಿದ್ದವರು, ಬೀದಿ ಭಾಷಣಕಾರರಲ್ಲ. 1923ರಲ್ಲಿ ಅವರು ಮನೆ ನಿರ್ಮಾಣ ತೆರಿಗೆಯನ್ನು ತಂದರು. ನಗರದಲ್ಲಿದ್ದ ಎಲ್ಲ ಮನೆ, ಅಂಗಡಿ, ಬಂಗಲೆಗಳ ಮೇಲೂ ತೆರಿಗೆ ಬಿತ್ತು, ಆದರೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಅತ್ಯಂತ ದುಬಾರಿಯಾದ ಶೇ. 0.5ರಷ್ಟು ಆಸ್ತಿಗಳಿಂದಲೇ ಆ ತೆರಿಗೆಯ ಸುಮಾರು ಶೇ. 45 ಭಾಗ ಬರುತ್ತಿತ್ತು. ಶೇ. 80ಕ್ಕೂ ಹೆಚ್ಚಿದ್ದ ಸಣ್ಣ ಮನೆಗಳೆಲ್ಲ ಸೇರಿ ಕೊಡುತ್ತಿದ್ದದ್ದು ಕಾಲು ಭಾಗಕ್ಕಿಂತ ಕಡಿಮೆ.

ಇದರ ಜೊತೆಗೆ ಭೋಗದ ವಸ್ತುಗಳ ಮೇಲಿನ ತೆರಿಗೆಗಳಿದ್ದವು. ಕಾರು, ಕುದುರೆ, ಶಾಂಪೇನ್, ಮನೆಯಾಳುಗಳು, ಐಷಾರಾಮಿ ಹೋಟೆಲು, ಎಲ್ಲಕ್ಕೂ ತೆರಿಗೆ. ಮನೆಯಲ್ಲಿ ಒಬ್ಬ ಆಳಿದ್ದರೆ ವಿನಾಯಿತಿ, ಎರಡನೆಯವರಿಂದ ಶುರು. ಶಾಲಾ ಮಕ್ಕಳ ಹಲ್ಲಿನ ಚಿಕಿತ್ಸಾಲಯದ ಖರ್ಚನ್ನು ನಗರದ ದೊಡ್ಡ ಮಿಠಾಯಿ ಅಂಗಡಿಗಳ ತೆರಿಗೆಯೇ ಹೊರುತ್ತದೆ ಎಂಬ ಅರ್ಥದಲ್ಲಿ ಬ್ರೈಟ್ನರ್ ಭಾಷಣ ಮಾಡುತ್ತಿದ್ದರು. ಹಲ್ಲು ಹಾಳು ಮಾಡುವವನೇ ಹಲ್ಲು ಕಟ್ಟಿಸಲಿ ಎಂಬಂತೆ!

ಒಂದು ತಿದ್ದುಪಡಿಯೂ ಬೇಕು. ಅರವತ್ತು ಸಾವಿರ ಮನೆಗಳೂ ಈ ಒಂದು ತೆರಿಗೆಯಿಂದಲೇ ಎದ್ದವು ಎಂದು ಭಾವಿಸಬಾರದು. ಅದು ನಿರ್ಮಾಣ ವೆಚ್ಚದ ಅರ್ಧದಷ್ಟನ್ನೂ ಭರಿಸಲಿಲ್ಲ. ಉಳಿದದ್ದು ನಗರದ ಸಾಮಾನ್ಯ ಆದಾಯದಿಂದ ಬಂತು.

ಡ್ಯಾನ್ಯೂಬ್ ದಂಡೆ:
ವಿಯೆನ್ನಾದಲ್ಲಿ ಹನ್ನೊಂದು ವರ್ಷದಿಂದ ಇರುವ ಕನ್ನಡಿಗ ನಾನು. ‘ಲೆಕ್ಕಪತ್ರ’ ಅವರು ಹೇಳಿದ ತೆರಿಗೆಯನ್ನು ಈಗಲೂ ಗೋಡೆಯ ಮೇಲೆ ಓದಬಹುದು. ಆ ಕಾಲದ ಕಟ್ಟಡಗಳ ಮುಖದ ಮೇಲೆ, ದೊಡ್ಡ ಕೆಂಪು ಅಕ್ಷರಗಳಲ್ಲಿ, ಇದನ್ನು ವಿಯೆನ್ನಾ ನಗರವು ಇಂತಿಂಥ ವರ್ಷಗಳಲ್ಲಿ ಮನೆ ನಿರ್ಮಾಣ ತೆರಿಗೆಯ ಹಣದಿಂದ ಕಟ್ಟಿಸಿತು ಎಂದು ಬರೆಸಿದ್ದಾರೆ. ನಮ್ಮಲ್ಲಿ ಬಸ್ ತಂಗುದಾಣದ ಮೇಲೂ ಶಾಸಕರ ಹೆಸರು, ಭಾವಚಿತ್ರ ಇರುತ್ತದೆ. ಇಲ್ಲಿ ತೆರಿಗೆಯ ಹೆಸರಿದೆ. ಬಂದ ಹೊಸತರಲ್ಲಿ ನನಗೆ ಇದನ್ನು ನಂಬಲಾಗಿರಲಿಲ್ಲ.

ಎಲ್ಲರೂ ಕೇಳಿರುವ ಕಾರ್ಲ್ ಮಾರ್ಕ್ಸ್ ಹೋಫ್ 1927ರಿಂದ 1930ರ ನಡುವೆ ಕಟ್ಟಿದ್ದು. ಕಾರ್ಲ್ ಏನ್ ಎಂಬವರ ವಿನ್ಯಾಸ. ಒಂದು ಕಿಲೋಮೀಟರಿಗಿಂತ ಉದ್ದ, 1,382 ಮನೆಗಳು. ಆದರೆ ನಿವೇಶನದ ಶೇ. 20ಕ್ಕಿಂತ ಕಡಿಮೆ ಜಾಗದಲ್ಲಷ್ಟೇ ಕಟ್ಟಡವಿದೆ, ಉಳಿದದ್ದೆಲ್ಲ ಅಂಗಳ ಮತ್ತು ಹಸಿರು. ‘ಹೋಫ್’ ಎಂದರೇ ಅಂಗಳ. ಮೆಟ್ಟಿಲ ಬಾಗಿಲುಗಳು ಬೀದಿಗೆ ತೆರೆಯುವುದಿಲ್ಲ, ಅಂಗಳಕ್ಕೆ ತೆರೆಯುತ್ತವೆ. ನಮ್ಮ ತೊಟ್ಟಿ ಮನೆಯನ್ನು ಸಾವಿರಪಟ್ಟು ಹಿಗ್ಗಿಸಿದ ಹಾಗೆ ಎನ್ನಬಹುದು.

ನಿವೃತ್ತ ಇಂಜಿನಿಯರ್:
ಶೇ. 20 ಎಂಬ ಮಾತನ್ನು ಕೇಳಿದರೆ ನಮ್ಮ ಬಿಲ್ಡರುಗಳಿಗೆ ಎದೆನೋವು ಬಂದೀತು. ಆದರೆ ಮನೆಯ ಅಳತೆಯನ್ನೂ ಹೇಳಿ. ಮೊದಲ ವರ್ಷಗಳಲ್ಲಿ ಬಹುಪಾಲು ಮನೆಗಳು 38 ಅಥವಾ 48 ಚದರ ಮೀಟರಿನವು, ಅಂದರೆ ಸುಮಾರು 410 ಅಥವಾ 515 ಚದರಡಿ. ಒಳಗೆ ನೀರು ಮತ್ತು ಶೌಚಾಲಯ ಇದ್ದವು, ಸ್ನಾನದ ಮನೆ ಇರಲಿಲ್ಲ. ಸ್ನಾನಕ್ಕೆ ಸಾಮೂಹಿಕ ಸ್ನಾನಗೃಹಕ್ಕೆ ಹೋಗಬೇಕಿತ್ತು. ಇಟ್ಟಿಗೆಯ ಹಳೆಯ ಪದ್ಧತಿಯಲ್ಲೇ ಕಟ್ಟಿದ್ದರ ಹಿಂದೆಯೂ ಲೆಕ್ಕವಿತ್ತು. ಯಂತ್ರಕ್ಕಿಂತ ಕೈಗೆ ಹೆಚ್ಚು ಕೆಲಸ ಕೊಟ್ಟರೆ ನಿರುದ್ಯೋಗಿಗಳ ಮನೆಯಲ್ಲಿ ಒಲೆ ಉರಿಯುತ್ತದೆ.

ವಠಾರದ ಹುಡುಗ:
ಸ್ನಾನದ ಮನೆ ಇರಲಿಲ್ಲ ಎಂದು ಇಂಜಿನಿಯರ್ ಸರ್ ಕೊರತೆಯಂತೆ ಹೇಳಿದರು. ಆದರೆ ಅದಕ್ಕೂ ಮೊದಲು ಆ ಜನ ಹೇಗಿದ್ದರು ಎಂಬುದನ್ನು ನೆನೆಯಬೇಕು. ಹಳೆಯ ವಿಯೆನ್ನಾದ ಬಾಡಿಗೆ ಕಟ್ಟಡಗಳಲ್ಲಿ ಮಹಡಿಗೊಂದು ಕೊಳಾಯಿ ಹಜಾರದಲ್ಲಿರುತ್ತಿತ್ತು. ಅದನ್ನು ‘ಬಸ್ಸೇನ’ ಎನ್ನುತ್ತಿದ್ದರು. ಶೌಚಾಲಯವೂ ಹಜಾರದಲ್ಲೇ. ಬಾಡಿಗೆ ಕಟ್ಟಲಾಗದ ಕುಟುಂಬಗಳು, ರಾತ್ರಿ ಪಾಳಿ ಮುಗಿಸಿ ಬರುವ ಅಪರಿಚಿತರಿಗೆ ಹಗಲು ಹೊತ್ತು ತಮ್ಮ ಹಾಸಿಗೆಯನ್ನೇ ಬಾಡಿಗೆಗೆ ಕೊಡುತ್ತಿದ್ದವು.

ನಾನು ಚಾಮರಾಜಪೇಟೆಯ ವಠಾರವೊಂದರಲ್ಲಿ ಬೆಳೆದವನು. ಒಂಬತ್ತು ಸಂಸಾರ, ಒಂದು ನಲ್ಲಿ, ಎರಡು ಕಕ್ಕಸು. ಬೆಳಗಿನ ಐದಕ್ಕೆ ಕೊಡಗಳನ್ನು ಸಾಲಾಗಿ ಇಡುವುದು ನನ್ನ ಕೆಲಸವಾಗಿತ್ತು. ಕೊಡ ಸರಿಸಿದವರ ಮನೆಗೂ ನಮ್ಮ ಮನೆಗೂ ಮೂರು ವರ್ಷ ಮಾತಿರಲಿಲ್ಲ. ಮನೆಯೊಳಗೆ ಒಂದು ನಲ್ಲಿ ಬಂದರೆ ಏನು ಬದಲಾಗುತ್ತದೆ ಎಂಬುದನ್ನು ಚದರಡಿಯಲ್ಲಿ ಅಳೆಯಲಾಗದು.

ಬಾಲ್ಕನಿ ತುಳಸಿ:
ನಿಮ್ಮ ವಠಾರದ ಆ ಜಗಳ ಕೊನೆಗೆ ಹೇಗೆ ಮುಗಿಯಿತು ಎಂಬುದನ್ನು ದಯವಿಟ್ಟು ಬರೆಯಿರಿ.

ವಠಾರದ ಹುಡುಗ:
ಅವರ ಮಗಳ ಮದುವೆಗೆ ನಮ್ಮ ಮನೆಯ ಹಂಡೆ ಬೇಕಾಯಿತು, ಮೇಡಂ.

ಮನೆ ಮಾಲೀಕ:
ಎಲ್ಲರೂ ಬಾಡಿಗೆದಾರರ ಕಡೆಯಿಂದಲೇ ಮಾತನಾಡುತ್ತಿದ್ದೀರಿ. ಆ ಪಕ್ಷದ ಅದ್ಭುತಕ್ಕೆ ತಳಪಾಯವಾದದ್ದು ಖಾಸಗಿ ಮಾಲೀಕರ ನಾಶ ಎಂಬುದನ್ನು ಯಾರೂ ಹೇಳಲಿಲ್ಲ. ಬಾಡಿಗೆಯನ್ನು ಕಾನೂನಿನಿಂದ ಕಟ್ಟಿಹಾಕಿದರು. ಯುದ್ಧಾನಂತರದ ಹಣದುಬ್ಬರದಲ್ಲಿ ಕಟ್ಟಿಹಾಕಿದ ಆ ಬಾಡಿಗೆಗೆ ಒಂದು ರೊಟ್ಟಿಯೂ ಬರದಂತಾಯಿತು. ಬಾಡಿಗೆ ಬರದ ಊರಿನಲ್ಲಿ ಹೊಸ ಮನೆ ಕಟ್ಟುವವರು ಯಾರು? ಖಾಸಗಿ ನಿರ್ಮಾಣ ಬಹುತೇಕ ನಿಂತುಹೋಯಿತು, ಭೂಮಿಯ ಬೆಲೆ ಕುಸಿಯಿತು, ಕುಸಿದ ಬೆಲೆಗೆ ನಗರಸಭೆಯೇ ಭೂಮಿಯನ್ನು ಕೊಂಡುಕೊಂಡಿತು. ಒಬ್ಬನ ಕಾಲು ಮುರಿದು ಅವನಿಗಿಂತ ವೇಗವಾಗಿ ಓಡಿದೆ ಎಂದು ಮೆರೆದ ಹಾಗಾಯಿತು.

ನಮ್ಮ ತಾತ ಅವೆನ್ಯೂ ರಸ್ತೆಯ ಬಳಿ ಒಂದು ಮಳಿಗೆಯನ್ನು ಬಾಡಿಗೆಗೆ ಕೊಟ್ಟು, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಮೂರು ದಶಕ ಕೋರ್ಟು ಅಲೆದರು. ತೀರ್ಪು ಬಂದಾಗ ಅವರಿರಲಿಲ್ಲ, ಕಟ್ಟಡದ ಸೂರೂ ಇರಲಿಲ್ಲ. ಆದ್ದರಿಂದ ಶೇ. 4ರ ಬಾಡಿಗೆ ಎಂದ ಕೂಡಲೇ ಚಪ್ಪಾಳೆ ತಟ್ಟಲು ನನ್ನಿಂದಾಗದು.

ಲೆಕ್ಕಪತ್ರ:
ಮಾಲೀಕರೇ, ಭೂಮಿಯ ಬೆಲೆ ಕುಸಿದದ್ದರ ಲಾಭ ನಗರಸಭೆಗೆ ಆಯಿತೆಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪಕ್ಷದ ಅಭಿಮಾನಿಗಳು ಅದನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಆದರೆ ಬಾಡಿಗೆಯನ್ನು ಕಟ್ಟಿಹಾಕಿದ್ದು ಈ ಪಕ್ಷವಲ್ಲ. ಆ ಆಜ್ಞೆ ಬಂದದ್ದು 1917ರಲ್ಲಿ, ಚಕ್ರವರ್ತಿಯ ಸರ್ಕಾರದಿಂದ. ಗಂಡಸರು ಯುದ್ಧಭೂಮಿಯಲ್ಲಿದ್ದಾಗ ಅವರ ಹೆಂಡತಿ ಮಕ್ಕಳನ್ನು ಬೀದಿಗೆ ತಳ್ಳಬಾರದೆಂದು. ಪಕ್ಷ ಮಾಡಿದ್ದು ಅದನ್ನು ಸಡಿಲಿಸಲು ಬಿಡದೆ ಹಿಡಿದುಕೊಂಡದ್ದು. 1922ರ ಬಾಡಿಗೆ ಕಾನೂನಿನಲ್ಲಿ ಅದು ಗಟ್ಟಿಯಾಯಿತು.

ಯುದ್ಧಕ್ಕೆ ಮೊದಲು ಯಾವ ನಿಯಂತ್ರಣವೂ ಇಲ್ಲದಿದ್ದಾಗ ಅದೇ ಮಾಲೀಕರು ಕಟ್ಟಿದ ಮನೆಗಳೇ ‘ವಠಾರದ ಹುಡುಗ’ ಅವರು ವರ್ಣಿಸಿದ ಹಜಾರದ ಕೊಳಾಯಿಯ ಮನೆಗಳು ಎಂಬುದೂ ನೆನಪಿರಲಿ.

ಮನೆ ಮಾಲೀಕ:
ಮೊದಲ ಅರ್ಧ ಒಪ್ಪಿದ್ದಕ್ಕೆ ಧನ್ಯವಾದಗಳು. ಎರಡನೆಯದನ್ನು ನಾನು ಒಪ್ಪಲಾರೆ. ಕೆಟ್ಟ ಮನೆಗೆ ಮದ್ದು ಕಟ್ಟಡದ ನಿಯಮ, ಬಾಡಿಗೆಯ ನಿಯಂತ್ರಣವಲ್ಲ.

ಹಳೆ ನಕ್ಷೆ:
ತೆರಿಗೆಯ ಜಗಳದಲ್ಲಿ ಮುಖ್ಯವಾದ ಇನ್ನೊಂದು ಮಾತು ಮರೆಯಾಗುತ್ತಿದೆ. ಪಕ್ಷದೊಳಗೇ ಈ ದೊಡ್ಡ ಕಟ್ಟಡಗಳ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಯುದ್ಧ ಮುಗಿದ ಹಸಿವಿನ ವರ್ಷಗಳಲ್ಲಿ ಜನರೇ ನಗರದ ಅಂಚಿಗೆ ಹೋಗಿ, ಕಾಡು ಕಡಿದು, ತರಕಾರಿ ಬೆಳೆದು, ಸಹಕಾರ ಸಂಘ ಕಟ್ಟಿಕೊಂಡು, ಸ್ವಂತ ಶ್ರಮದಿಂದ ಸಾಲುಮನೆಗಳನ್ನು ಎಬ್ಬಿಸಿದರು. ಅರ್ಥಶಾಸ್ತ್ರಜ್ಞ ಒಟ್ಟೊ ನೊಯ್ರಾಟ್, ವಾಸ್ತುಶಿಲ್ಪಿ ಅಡಾಲ್ಫ್ ಲೋಸ್, ಆಗಿನ್ನೂ ತರುಣಿಯಾಗಿದ್ದ ಮಾರ್ಗರೆಟ್ ಲಿಹೋಟ್ಸ್‌ಕಿ ಈ ಚಳವಳಿಯ ಜೊತೆಗಿದ್ದರು. ಲಿಹೋಟ್ಸ್‌ಕಿ ಮುಂದೆ ಜರ್ಮನಿಗೆ ಹೋಗಿ ‘ಫ್ರಾಂಕ್‌ಫರ್ಟ್ ಅಡುಗೆಮನೆ’ಯನ್ನು ರೂಪಿಸಿದವರು; ನಮ್ಮ ಇಂದಿನ ಮಾಡ್ಯುಲರ್ ಕಿಚನ್‌ಗೆ ಅದೇ ಅಜ್ಜಿ. 1923ರಲ್ಲಿ ನಗರಸಭೆಯ ಮನೆ ಕಟ್ಟುವ ಯೋಜನೆ ಬಂದ ಮೇಲೆ ಹಣವೆಲ್ಲ ಎತ್ತರದ ಕಟ್ಟಡಗಳತ್ತ ಹರಿಯಿತು, ಈ ಸಹಕಾರಿ ಬಡಾವಣೆಗಳು ಹಿಂದೆ ಬಿದ್ದವು. ಆ ಎತ್ತರದ ಕಟ್ಟಡಗಳು ಬಡವರ ಮನೆಗಳೋ, ಅರಮನೆಯ ಅಣಕವೋ ಎಂದು ವಾಸ್ತುಶಿಲ್ಪಿ ಯೋಸೆಫ್ ಫ್ರಾಂಕ್ 1926ರಲ್ಲೇ ಕುಟುಕಿದ್ದರು.

ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ಇರುವುದು ಕಟ್ಟಡದ ಎತ್ತರದಲ್ಲಲ್ಲ, ನಿರ್ವಹಣೆ ಯಾರದು ಎಂಬುದರಲ್ಲಿ. ಸಹಕಾರಿ ಬಡಾವಣೆಯಲ್ಲಿ ತೀರ್ಮಾನ ನಿವಾಸಿಗಳದು. ನಗರಸಭೆಯ ಹೋಫ್‌ನಲ್ಲಿ ತೀರ್ಮಾನ ಮೇಲಿನಿಂದ ಬರುತ್ತಿತ್ತು. ಮನೆ ಯಾರಿಗೆ ಎಂಬುದಕ್ಕೆ ಅಂಕಗಳ ಪದ್ಧತಿಯಿತ್ತು: ಮಕ್ಕಳೆಷ್ಟು, ಯುದ್ಧದಲ್ಲಿ ಅಂಗ ಊನವಾಗಿದೆಯೇ, ಈಗಿರುವ ಮನೆಯ ಸ್ಥಿತಿ ಏನು, ಹೀಗೆ. ಕಾಗದದ ಮೇಲೆ ಅದು ನ್ಯಾಯವಾಗಿಯೇ ಇತ್ತು. ಆದರೆ ಪಕ್ಷದ ಗುರುತಿನ ಚೀಟಿ ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ ಎಂಬ ದೂರನ್ನು ವಿರೋಧಿಗಳು ಕೊನೆಯವರೆಗೂ ಬಿಡಲಿಲ್ಲ.

ಬಾಲ್ಕನಿ ತುಳಸಿ:
ಆ ಕಟ್ಟಡಗಳಲ್ಲಿ ಸಾಮೂಹಿಕ ಬಟ್ಟೆ ಒಗೆಯುವ ಮನೆಗಳಿದ್ದವು, ಬಿಸಿನೀರು ಮತ್ತು ಯಂತ್ರಗಳಿದ್ದವು ಎಂದು ಓದಿದ್ದೇನೆ. ಒಳಗೆ ಮೇಲ್ವಿಚಾರಕನ ಹೊರತು ಬೇರೆ ಗಂಡಸರಿಗೆ ಪ್ರವೇಶವಿರಲಿಲ್ಲವಂತೆ. ತೆರಿಗೆಯಲ್ಲಿ ಅಷ್ಟು ಮುಂದುವರಿದ ಪಕ್ಷಕ್ಕೆ, ಬಟ್ಟೆ ಒಗೆಯುವುದು ಗಂಡಸರಿಗೂ ಬರಬಹುದು ಎಂಬ ಆಲೋಚನೆ ಮಾತ್ರ ಹೊಳೆಯಲಿಲ್ಲವೇ?

ಗಾರೆ ಕೆಲಸ:
ಗಂಡಸರು ಆಗ ತೆರಿಗೆಯ ವಿಷಯ ಚರ್ಚಿಸುತ್ತಿದ್ದಿರಬೇಕು, ಈಗ ನಾವಿಲ್ಲಿ ಚರ್ಚಿಸುತ್ತಿರುವ ಹಾಗೆ.

ಡ್ಯಾನ್ಯೂಬ್ ದಂಡೆ:
ಮೇಡಂ ಹೇಳಿದ್ದು ನಿಜ. ಕಾರ್ಲ್ ಮಾರ್ಕ್ಸ್ ಹೋಫ್‌ನ ಅಂಥದೊಂದು ಒಗೆಯುವ ಮನೆಯ ಮೇಲಂತಸ್ತಿನಲ್ಲೇ ಈಗ ಆ ಕಾಲದ ವಸ್ತುಸಂಗ್ರಹಾಲಯವಿದೆ. ಪಕ್ಷದ ಕಣ್ಣಿನಲ್ಲಿ ಅದು ಹೆಂಗಸರ ಶ್ರಮವನ್ನು ಇಳಿಸುವ ಸೌಲಭ್ಯವಾಗಿತ್ತು. ಶ್ರಮವೇನೋ ಇಳಿಯಿತು, ಹೊರುವವರು ಬದಲಾಗಲಿಲ್ಲ.

ಸಂಪಿಗೆ ರಸ್ತೆ:
ನನ್ನ ಪ್ರಶ್ನೆ ಬೇರೆ. ಬ್ರೈಟ್ನರ್‌ಗೆ ಇಷ್ಟೊಂದು ತೆರಿಗೆ ಹಾಕುವ ಅಧಿಕಾರ ಎಲ್ಲಿಂದ ಬಂತು? ನಮ್ಮ ಮಹಾನಗರ ಪಾಲಿಕೆಯೊಂದು ನಾಳೆ ಎರಡನೆಯ ಕಾರಿಗೆ ತೆರಿಗೆ ಎಂದು ಠರಾವು ಮಾಡಿದರೆ ಅದು ಕಾಗದವಾಗಿಯೇ ಉಳಿಯುತ್ತದೆ, ಏಕೆಂದರೆ ವಾಹನ ತೆರಿಗೆ ರಾಜ್ಯದ್ದು.

ಹಳೆ ನಕ್ಷೆ:
ಇಡೀ ಕಥೆಯ ಕೀಲಿಕೈಯನ್ನೇ ಕೇಳಿದಿರಿ. ವಿಯೆನ್ನಾ ಮೊದಲು ಲೋವರ್ ಆಸ್ಟ್ರಿಯಾ ಪ್ರಾಂತ್ಯದ ಭಾಗವಾಗಿತ್ತು. 1922ರ ಜನವರಿ 1ರಿಂದ ಅದೇ ಒಂದು ಪ್ರತ್ಯೇಕ ರಾಜ್ಯವಾಯಿತು. ಅಂದಿನಿಂದ ಮೇಯರ್ ಎಂದರೆ ಮುಖ್ಯಮಂತ್ರಿ, ನಗರಸಭೆ ಎಂದರೆ ವಿಧಾನಸಭೆ. ಸ್ವಂತ ತೆರಿಗೆ ಹಾಕುವ ಅಧಿಕಾರ ಕೈಗೆ ಬಂದ ಮರುವರ್ಷವೇ ಮನೆ ನಿರ್ಮಾಣ ತೆರಿಗೆ ಬಂದದ್ದು ಕಾಕತಾಳೀಯವಲ್ಲ.

ನಮ್ಮಲ್ಲಿ ನಗರಾಡಳಿತಗಳ ಕುರಿತಾದ ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದರೂ ಯಾವ ತೆರಿಗೆಯನ್ನು ನಗರಕ್ಕೆ ಬಿಡಬೇಕೆಂಬುದು ರಾಜ್ಯದ ಮರ್ಜಿ. ತೆರಿಗೆ ಇರಲಿ, ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ಒಂದಾದ ಮೇಲೊಂದು ಬಜೆಟ್ಟುಗಳನ್ನು ಚುನಾಯಿತ ಸದಸ್ಯರ ಚರ್ಚೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಕೆಳಗೆ ಮಂಡಿಸಲಾಯಿತು. ಹಣದ ಬಗ್ಗೆ ಪಕ್ಷವೊಂದಕ್ಕೆ ನಿಲುವು ಇರಬೇಕಾದರೆ ಮೊದಲು ಅದನ್ನು ಹೇಳಲು ಸಭೆಯಾದರೂ ಇರಬೇಕಲ್ಲ.

ನಿವೃತ್ತ ಇಂಜಿನಿಯರ್:
ಒಂದು ಮಾತು ಸೇರಿಸುತ್ತೇನೆ. ನಮ್ಮ ನಗರಗಳ ದಾರಿ ಮೊದಲಿನಿಂದಲೂ ಬೇರೆಯೇ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು, 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದದ್ದು, 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂದದ್ದು, ಎಲ್ಲವೂ ಸೈಟು ಹಂಚುವ ಕಥೆಯೇ. ಸೈಟನ್ನು ಒಮ್ಮೆ ಹಂಚಿದರೆ ಮುಗಿಯಿತು, ಅದರ ಬೆಲೆ ಏರಿದ ಲಾಭವೆಲ್ಲ ಅದೃಷ್ಟವಂತನಿಗೆ. ವಿಯೆನ್ನಾದವರು ಮನೆಯನ್ನು ಮಾರಲಿಲ್ಲ. ಮಾರದ ಕಾರಣ ಅದು ಇಂದಿಗೂ ನಗರದ ಆಸ್ತಿ.

ಮನೆ ಮಾಲೀಕ:
ಇಂಜಿನಿಯರ್ ಸರ್, ಸೈಟು ಸಿಕ್ಕಿದ್ದಕ್ಕೇ ಸಾಮಾನ್ಯ ಗುಮಾಸ್ತನೂ ಮನೆಯೊಡೆಯನಾದ. ಶಾಶ್ವತ ಬಾಡಿಗೆದಾರನಾಗಿ ಸಾಯುವುದು ಯಾವ ಗೌರವ?

ನಿವೃತ್ತ ಇಂಜಿನಿಯರ್:
ಸೈಟು ಸಿಗದ ಗುಮಾಸ್ತನನ್ನೂ ಒಮ್ಮೆ ಕೇಳಿ ನೋಡಿ. ಅರ್ಜಿ ಹಾಕಿ ಇಪ್ಪತ್ತು ವರ್ಷ ಕಾದವರಲ್ಲಿ ನಾನೂ ಒಬ್ಬ.

ಸಂಪಿಗೆ ರಸ್ತೆ:
ಆ ಪಕ್ಷ 1934ರಲ್ಲಿ ಸೋತದ್ದು ತೆರಿಗೆಗೆ ಬೇಸತ್ತ ಜನರಿಂದಲೇ?

ಹಳೆ ನಕ್ಷೆ:
ಚುನಾವಣೆಯಲ್ಲಿ ಸೋಲಲೇ ಇಲ್ಲ. 1932ರಲ್ಲೂ ಅವರಿಗೆ ವಿಯೆನ್ನಾದಲ್ಲಿ ಬಹುಮತವೇ ಬಂದಿತ್ತು. ಆದರೆ ಕೇಂದ್ರದಲ್ಲಿದ್ದ ಎದುರಾಳಿ ಕ್ರಿಶ್ಚಿಯನ್ ಸೋಷಿಯಲ್ ಪಕ್ಷದ ಸರ್ಕಾರ, ತೆರಿಗೆಯಲ್ಲಿ ನಗರಕ್ಕೆ ಬರಬೇಕಾದ ಪಾಲನ್ನು 1930ರ ದಶಕದ ಆರಂಭದಲ್ಲಿ ಕತ್ತರಿಸಿತು. ಆರ್ಥಿಕ ಕುಸಿತ ಬೇರೆ. ಬ್ರೈಟ್ನರ್ 1932ರಲ್ಲಿ ಹುದ್ದೆ ಬಿಟ್ಟರು. 1934ರ ಫೆಬ್ರವರಿಯಲ್ಲಿ ಅಂತರ್ಯುದ್ಧ ನಡೆದು, ಸೈನ್ಯವು ಕಾರ್ಲ್ ಮಾರ್ಕ್ಸ್ ಹೋಫ್‌ನ ಮೇಲೆ ಫಿರಂಗಿ ಹಾರಿಸಿತು. ಪಕ್ಷ ನಿಷೇಧವಾಯಿತು. ಯಹೂದಿಯಾಗಿದ್ದ ಬ್ರೈಟ್ನರ್ ದೇಶ ಬಿಟ್ಟು, 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಲೆಕ್ಕಪತ್ರ:
ಪಾಲು ಕತ್ತರಿಸಿದ್ದು ಫಿರಂಗಿಗಿಂತ ಮೊದಲು ಎಂಬುದನ್ನು ಗಮನಿಸಿ. ಸ್ವಂತ ತೆರಿಗೆಯ ಮೇಲೆ ನಿಂತ ನಗರಕ್ಕೂ ಕೇಂದ್ರದ ಪಾಲು ಬೇಕೇ ಬೇಕಿತ್ತು.

ಮೂರನೇ ಮಹಡಿ:
ಇಷ್ಟು ಉತ್ತರ ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದಗಳು. ‘ಡ್ಯಾನ್ಯೂಬ್ ದಂಡೆ’ ಅವರೇ, ನನ್ನದು ಕೊನೆಗೂ ಖಜಾಂಚಿಯ ಪ್ರಶ್ನೆ. ಈಗ ಆ ಕಟ್ಟಡಗಳನ್ನು ಯಾರು ನಡೆಸುತ್ತಾರೆ, ದುರಸ್ತಿಯ ಹಣ ಎಲ್ಲಿಂದ ಬರುತ್ತದೆ, ನಿವಾಸಿಗಳಿಗೆ ಲೆಕ್ಕ ತೋರಿಸುತ್ತಾರೆಯೇ?

ಡ್ಯಾನ್ಯೂಬ್ ದಂಡೆ:
ನಗರದ್ದೇ ಆದ ‘ವೀನರ್ ವೋನೆನ್’ ಎಂಬ ಸಂಸ್ಥೆ ಸುಮಾರು 2,20,000 ಮನೆಗಳನ್ನು ನಡೆಸುತ್ತದೆ. ಊರಿನ ನಾಲ್ವರಲ್ಲಿ ಒಬ್ಬರು ಅದರಲ್ಲಿದ್ದಾರೆ. ಲೆಕ್ಕದ ವಿಷಯದಲ್ಲಿ ಇಲ್ಲಿನ ಬಾಡಿಗೆ ಕಾನೂನು ಬಹಳ ಕಟ್ಟುನಿಟ್ಟು. ನೀರು, ಕಸ, ಮೆಟ್ಟಿಲು ಗುಡಿಸುವುದು, ವಿಮೆ ಮುಂತಾದ ನಿರ್ವಹಣಾ ಖರ್ಚಿನ ಹಿಂದಿನ ವರ್ಷದ ಲೆಕ್ಕವನ್ನು ಜೂನ್ 30ರೊಳಗೆ ನಿವಾಸಿಗಳ ಮುಂದಿಡಬೇಕು. ಮೂಲ ಬಾಡಿಗೆಯ ಹಣಕ್ಕೆ ಬೇರೆ ಲೆಕ್ಕ. ಅದರಲ್ಲಿ ಹಿಂದಿನ ಹತ್ತು ವರ್ಷ ಉಳಿದ ಹಣವನ್ನು ಮೊದಲು ದುರಸ್ತಿಗೆ ಬಳಸಬೇಕು. ಅದು ಸಾಲದೇ ಹೋದರೆ ಮಾತ್ರ, ವಿಚಾರಣೆಯ ನಂತರ, ಬಾಡಿಗೆ ಏರಿಸಲು ಅವಕಾಶ. ನಿವಾಸಿಗಳು ತಮ್ಮದೇ ಸಮಿತಿಯನ್ನು ಆರಿಸಿಕೊಳ್ಳಬಹುದು.

ಎಲ್ಲವೂ ಬಂಗಾರ ಎಂದು ಹೇಳುತ್ತಿಲ್ಲ. ಆದಾಯದ ಮಿತಿಯನ್ನು ಮನೆ ಕೊಡುವಾಗ ಮಾತ್ರ ನೋಡುತ್ತಾರೆ, ಆಮೇಲೆ ಸಂಬಳ ಮೂರುಪಟ್ಟಾದರೂ ಯಾರೂ ಕೇಳುವುದಿಲ್ಲ. ಹತ್ತಿರದ ಸಂಬಂಧಿಕರಿಗೆ ಬಾಡಿಗೆಯ ಹಕ್ಕು ದಾಟುತ್ತದೆ. ಹೊಸದಾಗಿ ಊರಿಗೆ ಬಂದವರು ಅರ್ಜಿ ಹಾಕಬೇಕಾದರೆ ಇಲ್ಲಿ ಎರಡು ವರ್ಷ ಇದ್ದಿರಬೇಕು. ನಮ್ಮಂಥ ಹೊರದೇಶದವರಿಗೆ ದೀರ್ಘಾವಧಿ ವಾಸದ ಪರವಾನಗಿಯೂ ಬೇಕು. ನಾನು ಮೊದಲ ಆರು ವರ್ಷ ಖಾಸಗಿ ಮಾಲೀಕರಿಗೆ ದುಬಾರಿ ಬಾಡಿಗೆ ಕಟ್ಟಿದ್ದೇನೆ. ಒಳಗಿದ್ದವರಿಗೆ ಸ್ವರ್ಗ, ಹೊರಗಿದ್ದವರಿಗೆ ಸರದಿ.

ಇನ್ನೊಂದು ಸಂಗತಿ. ಮೊದಲು ಪ್ರತಿ ಕಟ್ಟಡದಲ್ಲೂ ಅಲ್ಲೇ ವಾಸಿಸುವ ಮೇಲ್ವಿಚಾರಕರಿರುತ್ತಿದ್ದರು. 2000ದಲ್ಲಿ ಕಾನೂನು ಬದಲಾಗಿ ಹೊಸ ನೇಮಕ ನಿಂತಿತು. ನಮ್ಮ ಕಟ್ಟಡದ ಹಿರಿಯರು ಇಂದಿಗೂ ಅದನ್ನೇ ಹಲುಬುತ್ತಾರೆ, ಬಲ್ಬು ಹೋದರೆ ಈಗ ಫೋನಿನಲ್ಲಿ ಸಂಗೀತ ಕೇಳುತ್ತ ಕಾಯಬೇಕು ಎಂದು.

ಮನೆ ಮಾಲೀಕ:
ಜೂನ್ 30ರೊಳಗೆ ಲೆಕ್ಕ ಎಂಬ ಒಂದು ನಿಯಮಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಇದನ್ನು ದಾಖಲಿಸಿಕೊಳ್ಳಿ, ಈ ಚರ್ಚೆಯಲ್ಲಿ ನಾನು ಒಪ್ಪಿದ್ದು ಇದೊಂದೇ.

ಮೂರನೇ ಮಹಡಿ:
ನಮ್ಮ ಸಂಘದಲ್ಲಿ ನಿತ್ಯದ ಖರ್ಚೂ ದುರಸ್ತಿಯ ನಿಧಿಯೂ ಒಂದೇ ಬ್ಯಾಂಕ್ ಖಾತೆಯಲ್ಲಿವೆ. ಜಗಳದ ಅರ್ಧ ಕಾರಣ ಅದೇ ಎಂದು ಈಗ ಅನ್ನಿಸುತ್ತಿದೆ; ಐವತ್ತು ಪೈಸೆ ಲಿಫ್ಟಿಗೆ ಹೋಗುತ್ತದೋ ಸೆಕ್ಯುರಿಟಿಯವರ ಸಂಬಳಕ್ಕೆ ಹೋಗುತ್ತದೋ ಎಂದು ನಾಲ್ಕನೇ ಮಹಡಿಯವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ಎರಡು ಖಾತೆ ಮಾಡುವ ಠರಾವು ಮಂಡಿಸುತ್ತೇನೆ. ಹತ್ತು ವರ್ಷದ ಹಳೆಯ ಲೆಕ್ಕಗಳನ್ನು ಹುಡುಕಬೇಕು. ಹಿಂದಿನ ಖಜಾಂಚಿಯವರು ಅವನ್ನು ಒಂದು ಸೂಟ್‌ಕೇಸಿನಲ್ಲಿಟ್ಟು ಮಗನ ಮನೆಗೆ ಹೋಗಿದ್ದಾರೆ.

ಲೆಕ್ಕಪತ್ರ:
ಸೂಟ್‌ಕೇಸು ಸಿಕ್ಕಿದರೆ ತಿಳಿಸಿ, ಒಂದು ಭಾನುವಾರ ಬಂದು ನೋಡಿಕೊಡುತ್ತೇನೆ. ಕಾಫಿ ನಿಮ್ಮದು.

ಬಾಲ್ಕನಿ ತುಳಸಿ:
‘ಡ್ಯಾನ್ಯೂಬ್ ದಂಡೆ’ ಅವರೇ, ನಿಮ್ಮ ಕಟ್ಟಡದಲ್ಲಿ ಈಗ ಬಟ್ಟೆ ಒಗೆಯುವ ಸರದಿಯ ಪಟ್ಟಿಯಲ್ಲಿ ಗಂಡಸರ ಹೆಸರುಗಳಿವೆಯೇ?

ಡ್ಯಾನ್ಯೂಬ್ ದಂಡೆ:
ಇವೆ, ಮೇಡಂ. ಗುರುವಾರ ಸಂಜೆ ಆರರಿಂದ ಎಂಟು ನನ್ನದು.